ವೀಲ್‌ಚೇರ್, ಮಾಸಾಶನ, ಬಾಡಿಗೆ ಮನೆ: ಅಡ್ವಾನ್ಸ್ ಕೊಡುವ ಮೊದಲು ನೋಡಬೇಕಾದ್ದು (ಹಲವರು ಸೇರಿ ನಡೆಸಿದ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಅಳತೆಟೇಪು
ವೀಲ್‌ಚೇರ್ ಬಳಸುವವರಿಗೆ ಮನೆ ಹುಡುಕುವಾಗ ಎಲ್ಲರೂ ಮೊದಲು ಏರಿಯಾ ಕೇಳುತ್ತಾರೆ, ಆಮೇಲೆ ಬಾಡಿಗೆ ಕೇಳುತ್ತಾರೆ. ಮೊದಲು ಕೇಳಬೇಕಾದ್ದು ಬಾತ್‌ರೂಮ್ ಬಾಗಿಲಿನ ಅಗಲ. ನಮ್ಮ ಊರುಗಳ ಸಾಮಾನ್ಯ ಬಾಡಿಗೆ ಮನೆಗಳಲ್ಲಿ ಮುಂಬಾಗಿಲು ಮೂರೂವರೆ ಅಡಿ, ರೂಮಿನ ಬಾಗಿಲು ಮೂರು ಅಡಿ, ಬಾತ್‌ರೂಮಿಗೆ ಮಾತ್ರ ಎರಡೂವರೆ ಅಡಿ ಇಡುವುದು ರೂಢಿ. ಈ ಎರಡೂವರೆ ಅಡಿಯೂ ಚೌಕಟ್ಟಿನ ಹೊರ ಅಳತೆ. ಎರಡೂ ಕಡೆ ಚೌಕಟ್ಟಿನ ಮರ ಕಳೆದರೆ 25–26 ಇಂಚು ಉಳಿಯುತ್ತದೆ. ಬಾಗಿಲು ತೆರೆದು ನಿಲ್ಲಿಸಿದಾಗ ಅದರ ದಪ್ಪವೂ ಒಂದೂಕಾಲು ಇಂಚು ನುಂಗುತ್ತದೆ. ಕೊನೆಗೆ ಕೈಗೆ ಸಿಗುವುದು ಸುಮಾರು 24 ಇಂಚು.

18 ಇಂಚು ಸೀಟಿನ ಮಾಮೂಲಿ ಮಡಚುವ ಸ್ಟೀಲ್ ವೀಲ್‌ಚೇರ್ ಹೊರಗಿನಿಂದ ಹೊರಗೆ 25–26 ಇಂಚು ಇರುತ್ತದೆ. ಕಾಲುಪಟ್ಟಿ ಸೇರಿ ಉದ್ದ 42 ಇಂಚಿನ ಆಸುಪಾಸು. ಅಂದರೆ ಮನೆಯೊಳಗೆ ಎಲ್ಲ ಕಡೆ ಓಡಾಡುವ ಕುರ್ಚಿ ಬಾತ್‌ರೂಮ್ ಬಾಗಿಲಲ್ಲಿ ನಿಂತುಬಿಡುತ್ತದೆ. ಮನೆ ನೋಡಲು ಹೋಗುವ ಮೊದಲೇ ನಿಮ್ಮ ಕುರ್ಚಿಯ ಅತಿ ಹೆಚ್ಚಿನ ಅಗಲವನ್ನು (ಕೈಯಲ್ಲಿ ತಳ್ಳುವ ರಿಮ್ ಸೇರಿಸಿ) ಅಳೆದು ಬರೆದಿಟ್ಟುಕೊಳ್ಳಿ. ಅಲ್ಲಿ ಹೋದ ಮೇಲೆ ಬಾಗಿಲನ್ನು ಪೂರ್ತಿ ತೆರೆದು, ಬಾಗಿಲ ಹಲಗೆಯಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಿರಿ. ಗೋಡೆಯಿಂದ ಗೋಡೆಗೆ ಅಳೆದರೆ ಮೋಸ ಹೋಗುತ್ತೀರಿ.

ಒಂದೆರಡು ಇಂಚು ಕಮ್ಮಿ ಬಿದ್ದರೆ ಮನೆಯನ್ನು ಬಿಡಬೇಕಾಗಿಲ್ಲ. ಬಾಗಿಲನ್ನು ಹಿಂಜ್‌ನಿಂದ ಕಳಚಿ ಒಳಗಿಟ್ಟು, ಮಡಚುವ ಪಿವಿಸಿ ಬಾಗಿಲನ್ನೋ ದಪ್ಪ ಪರದೆಯನ್ನೋ ಹಾಕಿದರೆ ಒಂದೂಕಾಲು ಇಂಚು ವಾಪಸ್ ಬರುತ್ತದೆ. ಮಡಚುವ ಬಾಗಿಲಾದರೆ ಮಡಿಕೆಯ ಕಂತೆ ಚೌಕಟ್ಟಿನ ಒಳಗೆ ಕೂರಬಾರದು, ಹಳಿಯನ್ನು ಗೋಡೆಯ ಹೊರಮುಖಕ್ಕೆ ಹಾಕಿಸಿ. 16 ಇಂಚಿನ ಸೀಟು ಸಾಕಾಗುವವರು ಆ ಕುರ್ಚಿಗೆ ಬದಲಾದರೆ ಇನ್ನೆರಡು ಇಂಚು ಉಳಿಯುತ್ತದೆ. ಮೂರನೇ ದಾರಿ, ಬಾತ್‌ರೂಮಿಗೆಂದೇ ಸಣ್ಣ ಚಕ್ರದ ಕಮೋಡ್ ಕುರ್ಚಿ. 21–22 ಇಂಚು ಅಗಲದ್ದು ಸಿಗುತ್ತದೆ. ಆದರೆ ಅದನ್ನು ಕೂತವರೇ ತಳ್ಳಿಕೊಳ್ಳಲಾಗದು, ಇನ್ನೊಬ್ಬರು ಬೇಕು. ಒಂಟಿಯಾಗಿ ಇರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಕುರ್ಚಿ ಪೂರ್ತಿ ಒಂದು ಸುತ್ತು ತಿರುಗಲು 5 ಅಡಿ ವ್ಯಾಸದ ಖಾಲಿ ಜಾಗ ಬೇಕು. 4×6 ಅಡಿಯ ಬಾತ್‌ರೂಮಿನಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ಹಿಮ್ಮುಖವಾಗಿ ಒಳಗೆ ಹೋಗಿ ನೇರವಾಗಿ ಹೊರಗೆ ಬರಬೇಕಾಗುತ್ತದೆ. ಕಮೋಡ್ ಯಾವ ಗೋಡೆಗಿದೆ, ಹಿಮ್ಮುಖ ಹೋದಾಗ ಅದು ಯಾವ ಕೈಯ ಪಕ್ಕಕ್ಕೆ ಬರುತ್ತದೆ ಎಂದು ನೋಡಿ. ಬಲಗೈ ಮಾತ್ರ ಗಟ್ಟಿ ಇರುವವರಿಗೆ ಎಡಗಡೆಗೆ ಕಮೋಡ್ ಬಂದರೆ ಬಾಗಿಲು ಎಷ್ಟು ಅಗಲ ಇದ್ದೂ ಉಪಯೋಗವಿಲ್ಲ.

ಕುಡ್ಲದ ಮಳೆ
ಬಾತ್‌ರೂಮಿಗೆ ಬರುವ ಮೊದಲು ಮನೆಯೊಳಗೆ ಹತ್ತಬೇಕಲ್ಲ ಮಾರ್ರೆ. ಮೆಟ್ಟಿಲ ವಿಷಯ ನಾನು ಹೇಳ್ತೇನೆ.

ರ್‍ಯಾಂಪಿನ ಲೆಕ್ಕ 1:12. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. 6 ಇಂಚಿನ ಒಂದು ಮೆಟ್ಟಿಲಿಗೆ 6 ಅಡಿ, ಮೂರು ಮೆಟ್ಟಿಲಿಗೆ 18 ಅಡಿ. 20×30 ಸೈಟಿನ ಮನೆ ಎದುರು 18 ಅಡಿ ಎಲ್ಲಿಂದ ಬರಬೇಕು? ಹಾಗಾಗಿ ಗ್ರೌಂಡ್ ಫ್ಲೋರ್ ಅಂದ ಕೂಡಲೇ ಖುಷಿ ಪಡಬೇಡಿ, ನೆಲಗಟ್ಟು ಎಷ್ಟು ಎತ್ತರ ಅಂತ ಕೇಳಿ. ನೀರು ನುಗ್ಗುವ ಏರಿಯಾಗಳಲ್ಲಿ ಒಂದೂವರೆ ಅಡಿಯಿಂದ ಎರಡು ಅಡಿ ಏರಿಸಿಯೇ ಕಟ್ಟಿರ್ತಾರೆ. ಒಂದು ಮೆಟ್ಟಿಲಿನ ಮನೆಗೂ ನಾಲ್ಕು ಮೆಟ್ಟಿಲಿನ ಮನೆಗೂ ಬಾಡಿಗೆಯಲ್ಲಿ 500 ರೂಪಾಯಿ ವ್ಯತ್ಯಾಸ ಇದ್ದರೆ ಆ 500 ಕೊಡುವುದೇ ಲಾಭ.

ಹಿಂದಿನಿಂದ ತಳ್ಳಲು ಗಟ್ಟಿ ಆಳು ಇದ್ದರೆ ಗಿಡ್ಡ ರ್‍ಯಾಂಪ್ 1:8 ಆದರೂ ನಡೆಯುತ್ತದೆ. ಒಬ್ಬರೇ ಹತ್ತುವವರು ಅದಕ್ಕೆ ಹೋಗಬಾರದು, ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಕಾರು ಇಳಿಸುವ ಇಳಿಜಾರನ್ನು ತೋರಿಸಿ "ರ್‍ಯಾಂಪ್ ಇದೆ" ಅನ್ನುವ ಬ್ರೋಕರುಗಳು ತುಂಬ. ಅದು ಹೆಚ್ಚಿನ ಕಡೆ ಇದಕ್ಕಿಂತಲೂ ಕಡಿದು.

ಇಡುವ ರ್‍ಯಾಂಪ್ ಮಾಡಿಸುವುದಾದರೆ: 19 ಎಂಎಂ ಮರೈನ್ ಪ್ಲೈವುಡ್, ಅಗಲ 32ರಿಂದ 36 ಇಂಚು, ಕೆಳಬದಿಗೆ ಎರಡು ಅಡಿಗೊಂದು ಅಡ್ಡಪಟ್ಟಿ, ಎರಡೂ ಅಂಚಿಗೆ ಎರಡು ಇಂಚಿನ ತಡೆ. ಮೇಲಿನ ತುದಿಗೆ ಕಬ್ಬಿಣದ ಕೊಕ್ಕೆ ಹಾಕಿ ಮೆಟ್ಟಿಲಿಗೆ ಸಿಕ್ಕಿಸಲೇಬೇಕು. ಸುಮ್ಮನೆ ಒರಗಿಸಿಟ್ಟರೆ ಮುಂಚಕ್ರ ಹತ್ತುವಾಗ ರ್‍ಯಾಂಪ್ ಹಿಂದಕ್ಕೆ ಜಾರುತ್ತದೆ. ಮೇಲೆ ಚೆಕರ್ಡ್ ಅಲ್ಯೂಮಿನಿಯಂ ಶೀಟ್ ಹೊಡೆಸಿದರೆ ಒಣಗಿದಾಗ ಚೆಂದ, ಜೂನ್ ಬಂದರೆ ಜಾರುಬಂಡಿ. ಮರಳು ಬೆರೆಸಿದ ಪೇಂಟು ಬಳಿಸಿ, ಇಲ್ಲವೇ ಒರಟು ಟೇಪು ಅಂಟಿಸಿ. ಸಿಮೆಂಟಿನ ರ್‍ಯಾಂಪ್ ಆದರೆ ಹಸಿ ಇರುವಾಗಲೇ ಅಡ್ಡ ಗೆರೆ ಎಳೆಸಬೇಕು. ನಮ್ಮ ಕಡೆ ಪಾಚಿ ಕಟ್ಟುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜದಿದ್ದರೆ ಗೆರೆಯೂ ಕಾಪಾಡುವುದಿಲ್ಲ.

ಮತ್ತೆ, ಚರಂಡಿ ಮೇಲೆ, ಫುಟ್‌ಪಾತ್ ಮೇಲೆ ಕಾಂಕ್ರೀಟ್ ಹಾಕಿಸಬೇಡಿ. ತೆರವು ಮಾಡುವಾಗ ಅದೇ ಮೊದಲು ಹೋಗುತ್ತದೆ, ಓನರ್ ಜೊತೆ ಜಗಳವೂ ಆಗುತ್ತದೆ.

408 ಕೆಜಿ
ಲಿಫ್ಟ್ ಇರುವ ಮನೆ ನೋಡುವವರು ಲಿಫ್ಟಿನ ಒಳಗಿರುವ ಫಲಕ ಓದಿ. "6 ಜನ, 408 ಕೆಜಿ" ಅಂತಿದ್ದರೆ ಲಿಫ್ಟಿನ ಭಾರತೀಯ ಮಾನಕ ಐಎಸ್ 14665 ಪ್ರಕಾರ ಒಳ ಅಳತೆ 1100 ಎಂಎಂ ಅಗಲ, 1000 ಎಂಎಂ ಆಳ, ಬಾಗಿಲು 700 ಎಂಎಂ. ನಿಮ್ಮ ಕುರ್ಚಿಯ ಉದ್ದ 42 ಇಂಚು, ಅಂದರೆ 1067 ಎಂಎಂ. ಬಾಗಿಲು ಮುಚ್ಚುವುದಿಲ್ಲ! "8 ಜನ, 544 ಕೆಜಿ" ಆದರೆ 1300×1100, ಬಾಗಿಲು 800. ಕುರ್ಚಿ ಹಿಡಿಯುತ್ತದೆ, ಜೊತೆಗೆ ಒಬ್ಬರು ಪಕ್ಕಕ್ಕೆ ಒತ್ತರಿಸಿ ನಿಲ್ಲಬಹುದು. ಕಾಲುಪಟ್ಟಿ ಕಳಚಿಡುವ ಅಥವಾ ಪಕ್ಕಕ್ಕೆ ತಿರುಗುವ ಕುರ್ಚಿಯಾದರೆ ಆರು ಜನರ ಲಿಫ್ಟಿನಲ್ಲೂ ಹೇಗೋ ಆಗುತ್ತದೆ, ಆದರೆ ಪ್ರತಿ ಸಲ ಕಾಲನ್ನು ಎತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಇವು ಮಾದರಿ ಅಳತೆಗಳು. ಹಳೆಯ ಕಟ್ಟಡದಲ್ಲಿ ಸಿಕ್ಕ ಜಾಗಕ್ಕೆ ಕೂರಿಸಿದ ಲಿಫ್ಟುಗಳಿರುತ್ತವೆ, ಟೇಪು ಹಿಡಿದೇ ನಂಬಬೇಕು.

ಎರಡು ಪ್ರಶ್ನೆ ತಪ್ಪದೆ ಕೇಳಿ. ಕರೆಂಟು ಹೋದಾಗ ಜನರೇಟರಿಗೆ ಲಿಫ್ಟ್ ಸೇರಿದೆಯೇ, ಕಾಮನ್ ಲೈಟ್ ಮಾತ್ರವೇ? ಲಿಫ್ಟ್ ಪಾರ್ಕಿಂಗ್ ಮಟ್ಟದಿಂದಲೇ ಶುರುವಾಗುತ್ತದೆಯೇ, ಇಲ್ಲ ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತದೆಯೇ? ಈ ಎರಡನೆಯದು ಬೆಂಗಳೂರಿನ ಸಣ್ಣ ಅಪಾರ್ಟ್‌ಮೆಂಟುಗಳಲ್ಲಿ ಬಹಳ ಕಡೆ ಇದೆ. "ಲಿಫ್ಟ್ ಇದೆ" ಅನ್ನುವ ಜಾಹೀರಾತಿನಲ್ಲಿ ಆ ನಾಲ್ಕು ಮೆಟ್ಟಿಲು ಬರುವುದೇ ಇಲ್ಲ.

ಧಾರವಾಡ ಪೇಟಿ
ಅಳತಿ ಎಲ್ಲಾ ಸರಿ ಅದಾವ್ರಿ, ರೊಕ್ಕದ ಲೆಕ್ಕಾನೂ ಹಂಗ ಬಿಚ್ಚಿ ಇಡೂಣು. ಕರ್ನಾಟಕದಾಗ ಅಂಗವಿಕಲರ ಮಾಸಾಶನ ಶೇ 40ರಿಂದ 74 ಇದ್ದವ್ರಿಗೆ ತಿಂಗಳಿಗೆ 800, ಶೇ 75 ಮತ್ತ ಅದರ ಮ್ಯಾಲ ಇದ್ದವ್ರಿಗೆ 1400. ಇದರ ಮ್ಯಾಲೆ ಯಾವ ಊರಾಗೂ ಮನಿ ಬಾಡಿಗಿ ನಿಲ್ಲೂದಿಲ್ಲ. ಅದಕ್ಕ ಮನಿಯವ್ರದೆಲ್ಲಾ ಕೂಡಿಸೇ ಲೆಕ್ಕ ಹಾಕಬೇಕು. ಉದಾಹರಣೆಗೆ ಶೇ 80 ಅಂಗವೈಕಲ್ಯದ ಮಗ 1400, ಮನಿ ಯಜಮಾನಿ ಅಂತ ರೇಷನ್ ಕಾರ್ಡಿನಾಗ ಹೆಸರಿರೋ ವಿಧವಾ ತಾಯಿಗೆ ಗೃಹಲಕ್ಷ್ಮಿ 2000, ವಿಧವಾ ವೇತನ 800. ಒಟ್ಟು 4200. ತಾಯಿಗೆ 65 ದಾಟಿದ್ರ ವಿಧವಾ ವೇತನದ ಬದಲಿಗೆ ಸಂಧ್ಯಾ ಸುರಕ್ಷಾ 1200 ಕೇಳಬಹುದು, ಎರಡೂ ಕೂಡಿ ಬರೂದಿಲ್ಲ. ಒಬ್ಬರಿಗೆ ಒಂದೇ ಪಿಂಚಣಿ. ಗೃಹಲಕ್ಷ್ಮಿ ಬ್ಯಾರೆ, ಅದು ಪಿಂಚಣಿ ಜೋಡಿ ನಡೀತದ.

ಇಷ್ಟರಾಗ ಬಾಡಿಗಿ ಪೂರಾ ಕಟ್ಟೂದು ಆಗೂದಿಲ್ಲ, ಉಳಿದದ್ದು ಅಣ್ಣ-ತಮ್ಮಂದಿರ ಕಡೆಯಿಂದ ಬರಬೇಕಾಗ್ತದ. ಇಲ್ಲೇ ಒಂದು ಸಿಕ್ಕು ಅದ ನೋಡ್ರಿ. ಮಾಸಾಶನಕ್ಕ ವರ್ಷದ ಆದಾಯ 32,000ದೊಳಗ ಅಂತ ಪ್ರಮಾಣಪತ್ರ ಕೊಟ್ಟಿರ್ತೀವಿ. ಬಾಡಿಗಿ ಕರಾರಿನಾಗ ಅದೇ ಮನಷ್ಯಾನ ಒಬ್ಬನ ಹೆಸರಿಗೆ ತಿಂಗಳಿಗೆ 7000 ಅಂತ ಬರದ್ರ ವರ್ಷಕ್ಕ 84,000 ಆತು. ತನಿಖಿಗೆ ಬಂದವ್ರು ಈ ರೊಕ್ಕ ಎಲ್ಲಿಂದ ಅಂತ ಕೇಳೇ ಕೇಳ್ತಾರ. ಕೊಡೂದು ಅಣ್ಣ ಆದ್ರ ಕರಾರಿನಾಗ ಅಣ್ಣನ ಹೆಸರೂ ಬರಲಿ, ಬಾಡಿಗಿ ಅವನ ಅಕೌಂಟಿನಿಂದ ನೇರ ಓನರ್ ಅಕೌಂಟಿಗೆ ಹೋಗಲಿ. ಇದ್ದದ್ದು ಇದ್ದಂಗ ಕಾಗದದ ಮ್ಯಾಲೆ ಇದ್ರ ಯಾವ ತೊಂದ್ರಿನೂ ಇಲ್ಲ.

ಹೊಸಬಾಳು_92
ಮನೆ ಬದಲಿಸಿದರೆ ಪಿಂಚಣಿ ನಿಂತುಹೋಗುತ್ತೆ ಅಂತ ಹೇಳ್ತಾರೆ, ನಿಜವಾ? ತಾಲ್ಲೂಕು ಬದಲಾದರೆ ಏನು ಮಾಡಬೇಕು?

ಧಾರವಾಡ ಪೇಟಿ
ಮನಿ ಬದಲಿಸಿದ್ದಕ್ಕ ನಿಲ್ಲೂದಿಲ್ರಿ, ತಿಳಿಸದ ಇದ್ದದ್ದಕ್ಕ ನಿಲ್ತದ. ಗ್ರಾಮ ಆಡಳಿತ ಅಧಿಕಾರಿ ಪರಿಶೀಲನಾಕ್ಕ ಹಳೇ ವಿಳಾಸಕ್ಕ ಬಂದಾಗ ಬಾಗಲಕ ಕೀಲಿ ಇದ್ರ "ವಾಸ ಇಲ್ಲ" ಅಂತ ವರದಿ ಹೋಗ್ತದ. ಅದಕ್ಕ ಹೊಸ ಮನಿಗೆ ಬಂದ ಕೂಡಲೇ ಕರಾರು, ಆಧಾರ್, ಪಿಂಚಣಿ ಮಂಜೂರಾತಿ ಆದೇಶದ ಪ್ರತಿ ಹಿಡಕೊಂಡು ನಾಡಕಚೇರಿಗೆ ವಿಳಾಸ ಬದಲಾವಣಿ ಅರ್ಜಿ ಕೊಡ್ರಿ, ಸ್ವೀಕೃತಿ ಇಟ್ಕೋರಿ. ತಾಲ್ಲೂಕು ಬದಲಾಗಿದ್ರ ಹಳೇ ತಾಲ್ಲೂಕಿನ ಕಚೇರಿಗೂ ಬರದು ತಿಳಸ್ರಿ.

ಇನ್ನೊಂದು ಕಾರಣ ಇದಕ್ಕಿಂತ ಹೆಚ್ಚು. ಹೊಸ ಏರಿಯಾದಾಗ ಹತ್ರದ ಬ್ಯಾಂಕಿನಾಗ ಹೊಸ ಖಾತೆ ತಗೀತಾರ, ಬ್ಯಾಂಕಿನವ್ರು ಆಧಾರ್ ಜೋಡಿಸಿಬಿಡ್ತಾರ. ಡಿಬಿಟಿ (ಸರ್ಕಾರ ನೇರ ಖಾತೆಗೆ ಹಾಕೋ) ರೊಕ್ಕ ಕಡೀಕ ಆಧಾರ್ ಜೋಡಿಸಿದ ಖಾತೆಗೆ ಹೋಗ್ತದ. ಹಳೇ ಪಾಸ್‌ಬುಕ್ ನೋಡ್ಕೋತ ಕುಂತವ್ರಿಗೆ ರೊಕ್ಕ ಬಂದೇ ಇಲ್ಲ ಅನಸ್ತದ. ಮೈಆಧಾರ್ ಜಾಲತಾಣದಾಗ ಬ್ಯಾಂಕ್ ಸೀಡಿಂಗ್ ಅಂತ ಇರೋ ಕಡೆ ಯಾವ ಬ್ಯಾಂಕು ಅಂತ ತೋರಸ್ತದ. ಮೊದಲು ಅದನ್ನ ನೋಡಿ ಆಮ್ಯಾಲೆ ಕಚೇರಿಗೆ ಹೋಗ್ರಿ. ಊರಾಗಾದ್ರ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ತಾಲ್ಲೂಕಿನಾಗ ಎಂಆರ್‌ಡಬ್ಲ್ಯೂ, ನಗರದಾಗ ಯುಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರ್ತಾರ. ಅರ್ಜಿ ಬೆನ್ನ ಹತ್ತೂದು ಅವರ ಕೆಲಸಾನೇ, ಸಂಕೋಚ ಮಾಡಬ್ಯಾಡ್ರಿ.

ಕರಾರುಪತ್ರ
ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಅಣ್ಣನ ಹೆಸರು ಬರಲಿ ಸರಿ, ಆದರೆ ಅಣ್ಣನ ಹೆಸರೊಂದೇ ಬರಬಾರದು. ಕಾಗದದಲ್ಲಿ ಅಣ್ಣ ಒಬ್ಬನೇ ಬಾಡಿಗೆದಾರನಾದರೆ ನಾಳೆ ಅವನು "ಖಾಲಿ ಮಾಡುತ್ತೇನೆ" ಎಂದು ಸಹಿ ಹಾಕಿದರೆ ಒಳಗೆ ವಾಸ ಇರುವವರಿಗೆ ನಿಲ್ಲಲು ನೆಲೆಯೇ ಇರುವುದಿಲ್ಲ. ಇಬ್ಬರೂ ಜಂಟಿ ಬಾಡಿಗೆದಾರರು ಎಂದು ಬರೆಸಿ. ವಿಳಾಸದ ದಾಖಲೆಗೂ ಗೃಹಜ್ಯೋತಿಗೂ ವಾಸ ಇರುವವರ ಹೆಸರು ಕರಾರಿನಲ್ಲಿ ಬೇಕೇ ಬೇಕು.

ಅವಧಿ ಸಾಮಾನ್ಯವಾಗಿ 11 ತಿಂಗಳು, ಯಾಕೆಂದರೆ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಅಂಗವಿಕಲರಿಗೆ 11 ತಿಂಗಳು ನಿಜವಾದ ಸಮಸ್ಯೆ. ರ್‍ಯಾಂಪು, ಹಿಡಿಕೆ ಎಲ್ಲ ಹಾಕಿಸಿ ಹತ್ತು ಸಾವಿರ ಖರ್ಚು ಮಾಡಿದ ಮೇಲೆ ಹನ್ನೊಂದನೇ ತಿಂಗಳಿಗೆ ಬಿಡಿ ಅಂದರೆ ಅಷ್ಟೂ ನೀರಿನಲ್ಲಿ ಹೋಮ. ಆದ್ದರಿಂದ ನವೀಕರಣದ ಷರತ್ತು ಈಗಲೇ ಇರಲಿ: ಬಾಡಿಗೆದಾರರು ಬಯಸಿದರೆ ಇನ್ನೆರಡು ಅವಧಿಗೆ, ಪ್ರತಿ ಸಲ ಶೇ 5 ಏರಿಕೆಯೊಂದಿಗೆ ಹೊಸ ಕರಾರು ಮಾಡಿಕೊಡುವುದು. ಓನರ್ ಒಪ್ಪಿದರೆ ಮೂರು ವರ್ಷಕ್ಕೆ ನೋಂದಣಿ ಮಾಡಿಸುವುದು ಇನ್ನೂ ಗಟ್ಟಿ.

ಬದಲಾವಣೆಗಳ ಬಗ್ಗೆ ಈ ಧಾಟಿಯಲ್ಲಿ ಬರೆಸಿ: "ಬಾಡಿಗೆದಾರರು ತಮ್ಮ ಸ್ವಂತ ಖರ್ಚಿನಲ್ಲಿ ಮುಂಬಾಗಿಲಿಗೆ ತೆಗೆದಿಡಬಹುದಾದ ಇಳಿಜಾರು, ಶೌಚಾಲಯದ ಗೋಡೆಗೆ ಹಿಡಿಕೆಗಳು ಮತ್ತು ಶೌಚಾಲಯದ ಬಾಗಿಲಿನ ಬದಲು ಮಡಚುವ ಬಾಗಿಲನ್ನು ಅಳವಡಿಸಿಕೊಳ್ಳಲು ಮಾಲೀಕರು ಒಪ್ಪಿರುತ್ತಾರೆ. ಮನೆ ಬಿಡುವಾಗ ಮೂಲ ಬಾಗಿಲನ್ನು ಮರಳಿ ಕೂರಿಸಿ, ಹಿಡಿಕೆಯ ರಂಧ್ರಗಳನ್ನು ವೈಟ್ ಸಿಮೆಂಟಿನಿಂದ ಮುಚ್ಚಿಕೊಡತಕ್ಕದ್ದು. ಇದಕ್ಕಾಗಿ ಮುಂಗಡದಲ್ಲಿ ಬೇರೆ ಕಡಿತ ಮಾಡತಕ್ಕದ್ದಲ್ಲ." ಬಾಯಿಮಾತಿನ ಒಪ್ಪಿಗೆ ಅಡ್ವಾನ್ಸ್ ವಾಪಸ್ ಕೇಳುವ ದಿನ ಯಾರಿಗೂ ನೆನಪಿರುವುದಿಲ್ಲ. ವೀಲ್‌ಚೇರ್ ಇರುವ ಮನೆಯಲ್ಲಿ ಗೋಡೆ ಮೂಲೆ, ಚೌಕಟ್ಟಿನ ಕೆಳಗಿನ ಒಂದು ಅಡಿ ಗೀರುವುದು ಸಹಜ. ಮೊದಲ ದಿನವೇ ಅಲ್ಲಿ ಪ್ಲಾಸ್ಟಿಕ್ ಮೂಲೆಪಟ್ಟಿ ಅಂಟಿಸಿ, ಅಂಟಿಸುವ ಮೊದಲು ಫೋಟೋ ತೆಗೆದು ಓನರಿಗೆ ವಾಟ್ಸ್‌ಆ್ಯಪ್ ಮಾಡಿ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ರೂಢಿಯಲ್ಲಿದೆ. ಗೀರುಗಳೂ ಅದರಲ್ಲೇ ಸೇರಿದವು ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು.

ಬಾಡಿಗೆ ದಿನಾಂಕ 5 ಎಂದು ಅಚ್ಚಾದ ನಮೂನೆಗೆ ಸಹಿ ಹಾಕಬೇಡಿ. ಮಾಸಾಶನ, ಗೃಹಲಕ್ಷ್ಮಿ ಎರಡಕ್ಕೂ ಇಂಥದ್ದೇ ತಾರೀಕು ಅಂತಿಲ್ಲ, ಒಮ್ಮೊಮ್ಮೆ ಎರಡು ತಿಂಗಳದ್ದು ಒಟ್ಟಿಗೆ ಬರುತ್ತದೆ. 15ನೇ ತಾರೀಕಿನೊಳಗೆ ಎಂದು ಬರೆಸಿ, ಒಂದು ತಿಂಗಳ ಬಾಡಿಗೆಯನ್ನು ಯಾವಾಗಲೂ ಬೇರೆ ಖಾತೆಯಲ್ಲಿ ಮುಟ್ಟದೆ ಇಡಿ. ಭದ್ರತೆಗೆಂದು ಸಹಿ ಮಾಡಿದ ಖಾಲಿ ಚೆಕ್ ಕೇಳುವವರಿದ್ದಾರೆ. ಕೊಡಬೇಡಿ. ಹಣ ಬರುವುದು ತಡವಾಗಿ ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಪ್ರಕರಣ.

ಅಡ್ವಾನ್ಸ್: ಬೆಂಗಳೂರಿನಲ್ಲಿ ಹಿಂದೆ ಹತ್ತು ತಿಂಗಳು ಕೇಳುತ್ತಿದ್ದರು, ಈಗಲೂ ಕೇಳುವವರಿದ್ದಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಎನ್ನುತ್ತದೆ, ಆದರೆ ಅದು ಮಾದರಿ ಮಾತ್ರ. ರಾಜ್ಯ ಅಳವಡಿಸಿಕೊಳ್ಳದ ಹೊರತು ಅದನ್ನು ತೋರಿಸಿ ಹಟ ಹಿಡಿಯಲಾಗದು. ಚೌಕಾಸಿ ಮಾಡಬೇಕಾದ್ದು ಅಡ್ವಾನ್ಸಿನ ಮೇಲೆ, ಬಾಡಿಗೆಯ ಮೇಲೆ ಅಲ್ಲ ಅನ್ನುವವರಿದ್ದಾರೆ. ಮಾಸಾಶನದ ಮನೆಗೆ ಆ ಮಾತು ಸರಿಹೊಂದದು. ಅಡ್ವಾನ್ಸ್ ಸಾಲ ತಂದರೂ ಒಂದು ದಿನ ವಾಪಸ್ ಬರುತ್ತದೆ, ಹೆಚ್ಚಿಗೆ ಕೊಟ್ಟ ಬಾಡಿಗೆ ಬರುವುದಿಲ್ಲ.

ಅಳತೆಟೇಪು
ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ ಸರ್. ಸಾಲದ ಬಡ್ಡಿಯನ್ನೂ ಸೇರಿಸಿ ನೋಡಿ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿಗೆ 40,000 ತಂದರೆ ತಿಂಗಳಿಗೆ 1200 ಬಡ್ಡಿಗೇ ಹೋಯಿತು, ಅದು ಹೆಚ್ಚುಕಮ್ಮಿ ಇಡೀ ಮಾಸಾಶನ. ಕೈಸಾಲ ತರುವುದಾದರೆ ಅಡ್ವಾನ್ಸ್ ಇಳಿಸಿ ಬಾಡಿಗೆ 500 ಏರಿಸಿಕೊಳ್ಳುವುದೇ ಕಡಿಮೆ ನಷ್ಟ.

ಕರಾರುಪತ್ರ
ಬಡ್ಡಿಸಾಲದ ಲೆಕ್ಕದಲ್ಲಿ ನೀವು ಹೇಳಿದ್ದು ಸರಿ. ನನ್ನ ಮಾತು ಬಡ್ಡಿಯಿಲ್ಲದೆ ಮನೆಯವರೇ ಹೊಂದಿಸುವ ಹಣಕ್ಕೆ ಮಾತ್ರ.

ಎರಡುಗಾಲಿ
ಓನರಿಗೆ ಮೊದಲೇ ಫೋನಿನಲ್ಲಿ ಹೇಳಬೇಕೋ ಬೇಡವೋ ಅನ್ನುವುದರ ಬಗ್ಗೆ ಯಾರೂ ಬರೆದಿಲ್ಲ. ನನ್ನ ಪ್ರಕಾರ ಫೋನಿನಲ್ಲಿ "ಅಂಗವಿಕಲರು" ಎಂದಷ್ಟೇ ಹೇಳಿದರೆ ಹತ್ತರಲ್ಲಿ ಏಳೆಂಟು ಕಡೆ ಮಾತು ಅಲ್ಲಿಗೇ ನಿಲ್ಲುತ್ತದೆ. ಎದುರಿಗೆ ಹೋದರೆ ಅವರ ಭಯಕ್ಕೆ ಉತ್ತರ ಕೊಡಲು ಅವಕಾಶ ಇರುತ್ತದೆ. ಭಯಗಳು ಮೂರೇ: ಬಿದ್ದು ಏನಾದರೂ ಆದರೆ ತಮ್ಮ ಮೇಲೆ ಬರುತ್ತದೆ, ಬಾಡಿಗೆ ನಿಂತುಹೋದರೆ ಬಿಡಿಸಲು ಆಗುವುದಿಲ್ಲ, ಮನೆ ಹಾಳಾಗುತ್ತದೆ. ಮೊದಲನೆಯದಕ್ಕೆ ತುರ್ತಿಗೆ ಯಾರಿಗೆ ಕರೆ ಮಾಡಬೇಕೋ ಆ ಇಬ್ಬರ ಹೆಸರು ಕರಾರಿನಲ್ಲಿ. ಎರಡನೆಯದಕ್ಕೆ ಜಂಟಿ ಬಾಡಿಗೆದಾರ, ಬ್ಯಾಂಕಿನಲ್ಲಿ ಪ್ರತಿ ತಿಂಗಳು ತಾನಾಗಿ ಹೋಗುವ ವ್ಯವಸ್ಥೆ. ಮೂರನೆಯದಕ್ಕೆ ಮೇಲೆ ಬರೆದ ಷರತ್ತು. ಇದನ್ನು ಕಾಗದದಲ್ಲಿ ತೋರಿಸಿದರೆ ಒಪ್ಪುವವರು ಸಿಗುತ್ತಾರೆ.

ಕುಡ್ಲದ ಮಳೆ
ಅಕ್ಕ, ಅದಕ್ಕೆ ಮನೆ ಮನೆಗೆ ಹೋಗಿ ಬರಬೇಕು. ಆಟೋ ಖರ್ಚು, ಹತ್ತಿಸಿ ಇಳಿಸಲು ಜನ, ಅದೆಲ್ಲ ಯಾರಿಗೆ ಉಂಟು? ಫೋನಿನಲ್ಲೇ ನೇರ ಹೇಳಿ, ಒಪ್ಪದವರನ್ನು ಅಲ್ಲೇ ಬಿಟ್ಟರೆ ಮೈ ಉಳಿಯುತ್ತದೆ. ಹೇಳುವ ರೀತಿ ಬೇರೆ ಮಾಡಬಹುದು. "ವೀಲ್‌ಚೇರ್ ಬಳಸ್ತೇವೆ, ಮೆಟ್ಟಿಲು ಎಷ್ಟು, ಬಾತ್‌ರೂಮ್ ಬಾಗಿಲು ಎಷ್ಟು ಇಂಚು" ಅಂತ ಒಂದೇ ಉಸಿರಿಗೆ ಕೇಳಿದರೆ ಅವರು ಅಳತೆ ಹೇಳಲು ಹೋಗ್ತಾರೆ. ವಿಡಿಯೋ ಕಾಲಿನಲ್ಲಿ ಗೇಟಿನಿಂದ ಶುರು ಮಾಡಿ ಬಾತ್‌ರೂಮಿನವರೆಗೆ ಕತ್ತರಿಸದೆ ತೋರಿಸಲಿಕ್ಕೆ ಹೇಳಿ, ಬಾಗಿಲಿಗೆ ಟೇಪು ಹಿಡಿಯಲಿಕ್ಕೆ ಹೇಳಿ.

ಒಂದು ಎಚ್ಚರಿಕೆ. ಬಂದು ನೋಡಲಾಗದವರನ್ನೇ ಹಿಡಿಯುವ ಮೋಸಗಾರರಿದ್ದಾರೆ. ಸೇನೆಯವರು ಅಂತ ಹೇಳಿ, ಚೆಂದದ ಫೋಟೋ ಕಳಿಸಿ, ಟೋಕನ್ ಹಾಕಿ ಅಥವಾ ಗೇಟ್‌ಪಾಸ್ ದುಡ್ಡು ಕಳಿಸಿ ಅಂತಾರೆ, ಕ್ಯೂಆರ್ ಕೋಡ್ ಕಳಿಸ್ತಾರೆ. ನಮ್ಮವರು ಯಾರಾದರೂ ಹೋಗಿ ಬೀಗ ತೆಗೆಸಿ ನೋಡದೆ ಒಂದು ರೂಪಾಯಿಯೂ ಹಾಕಬೇಡಿ. ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನ್ಯಾಯದಬಾಗಿಲು
ಕಾನೂನಿನ ಬಗ್ಗೆ ಹುಸಿ ಭರವಸೆ ಬೇಡ, ಇರುವಷ್ಟನ್ನು ಹೇಳುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 3(3) ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಕೂಡದು ಎನ್ನುತ್ತದೆ. ಆದರೆ ಒಬ್ಬ ಮನೆ ಮಾಲೀಕ "ಬೇರೆಯವರಿಗೆ ಕೊಟ್ಟೆ" ಎಂದರೆ ಅಂಗವೈಕಲ್ಯವೇ ಕಾರಣ ಎಂದು ಸಾಬೀತು ಮಾಡುವುದು ತೀರಾ ಕಷ್ಟ. ಆ ಹೋರಾಟದಲ್ಲಿ ಮನೆ ಸಿಗುವುದಿಲ್ಲ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಮಾತು ಬೇರೆ. ಕಾಯ್ದೆಯ "ಖಾಸಗಿ ಸಂಸ್ಥೆ" ವ್ಯಾಖ್ಯೆಯಲ್ಲಿ ಸಂಘ, ಸೊಸೈಟಿಗಳೂ ಬರುತ್ತವೆ. ಓನರ್ ಒಪ್ಪಿದರೂ ಅಸೋಸಿಯೇಷನ್ ರ್‍ಯಾಂಪಿಗೆ ಅಡ್ಡ ಬಂದರೆ, ಲಿಫ್ಟಿನ ಹತ್ತಿರದ ಪಾರ್ಕಿಂಗ್ ನಿರಾಕರಿಸಿದರೆ, ಲಿಖಿತ ಮನವಿ ಕೊಡಿ, ಲಿಖಿತ ಉತ್ತರ ಕೇಳಿ. ಉತ್ತರ ಬರದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು. ಆಯುಕ್ತರು ಸಮನ್ಸ್ ಕೊಡಬಲ್ಲರು, ಕೊಡುವ ಆದೇಶ ಶಿಫಾರಸಿನ ಸ್ವರೂಪದ್ದು. ಆದರೂ ನೋಟಿಸ್ ಬಂದ ಮೇಲೆ ಎಷ್ಟೋ ಅಸೋಸಿಯೇಷನ್‌ಗಳು ಮಾತಿಗೆ ಬರುತ್ತವೆ.

ಒಳಗೆ ಸೇರಿಕೊಂಡ ಮೇಲೆ ನಿಮ್ಮ ಸ್ಥಿತಿ ಗಟ್ಟಿ. ಬೀಗ ಬದಲಿಸಿ, ಸಾಮಾನು ಹೊರಗಿಟ್ಟು ಓಡಿಸುವಂತಿಲ್ಲ. ಕಾನೂನಿನ ದಾರಿ ಹಿಡಿಯದೆ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು. ಕರಾರು ಮುಗಿದು ತಿಂಗಳ ಲೆಕ್ಕದಲ್ಲಿ ಮುಂದುವರಿದಿದ್ದರೂ, ಬೇರೆ ಷರತ್ತು ಇಲ್ಲದಿದ್ದಾಗ 15 ದಿನದ ನೋಟಿಸ್ ಬೇಕು. ವಕೀಲರ ಶುಲ್ಕಕ್ಕೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಲ್ಲಿ ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100. ಯುಡಿಐಡಿ (ಅಂಗವೈಕಲ್ಯದ ಗುರುತಿನ) ಕಾರ್ಡಿನ ಪ್ರತಿ ಇಟ್ಟುಕೊಂಡು ಹೋಗಿ.

ಸರ್ಕಾರಿ ಮನೆ, ನಿವೇಶನ ಹಂಚಿಕೆಯಲ್ಲಿ ಶೇ 5 ಮೀಸಲು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 37ರಲ್ಲಿದೆ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಮಹಿಳೆಯರಿಗೆ ಆದ್ಯತೆ. ಬಾಡಿಗೆ ಮನೆ ಸಿಕ್ಕಿತೆಂದು ಆ ಅರ್ಜಿಗಳನ್ನು ಕೈಬಿಡಬೇಡಿ.

ಮೌನಿ
ಇಲ್ಲಿಯವರೆಗೆ ಎಲ್ಲವೂ ವೀಲ್‌ಚೇರಿನ ಸುತ್ತ ಬಂದಿದೆ. ಕಿವುಡರಿಗೆ ಬೇಕಾದ್ದು ಬೆಲ್ಲಿನ ಜೊತೆ ಮಿನುಗುವ ದೀಪ. ಅದನ್ನು ಇರುವ ಬೆಲ್ ಪಾಯಿಂಟಿಗೇ ಎಲೆಕ್ಟ್ರಿಷಿಯನ್ ಸೇರಿಸಿಕೊಡಬಲ್ಲರು, ಗೋಡೆ ಒಡೆಯಬೇಕಾಗಿಲ್ಲ. ಮಾತುಕತೆಯೆಲ್ಲ ವಾಟ್ಸ್‌ಆ್ಯಪಿನಲ್ಲಿ ಎಂದು ಮೊದಲೇ ಹೇಳಿದರೆ ಓನರಿಗೂ ಅನುಕೂಲ, ನಿಮಗೂ ದಾಖಲೆ ಉಳಿಯುತ್ತದೆ.

ದೃಷ್ಟಿ ಇಲ್ಲದವರಿಗೆ ಓನರುಗಳು ಹೇಳುವ ಆಕ್ಷೇಪ ಗ್ಯಾಸ್ ಒಲೆ. ಇಂಡಕ್ಷನ್ ಒಲೆ ಬಳಸುತ್ತೇವೆ ಎಂದರೆ ಆ ಮಾತು ಮುಗಿಯುತ್ತದೆ. ಆದರೆ ಅಡುಗೆಮನೆಯಲ್ಲಿ 16 ಆಂಪಿಯರಿನ ಪ್ಲಗ್ ಇದೆಯೇ ನೋಡಿ, 6 ಆಂಪಿಯರಿನ ಪ್ಲಗ್ಗಿಗೆ 2000 ವ್ಯಾಟಿನ ಒಲೆ ಹಾಕಿದರೆ ಪ್ಲಗ್ ಸುಡುತ್ತದೆ. ಟಚ್ ಫಲಕದ ಒಲೆ ಬೇಡ, ಒತ್ತುವ ಗುಂಡಿಯಿರುವುದು ತೆಗೆದುಕೊಳ್ಳಿ. ಕರಾರನ್ನು ನಂಬಿಕೆಯ ಒಬ್ಬರಿಂದ ಪೂರ್ತಿ ಓದಿಸಿ, "ಓದಿ ಹೇಳಲಾಗಿದೆ, ಒಪ್ಪಿ ಸಹಿ ಮಾಡಿದ್ದೇನೆ" ಎಂಬ ಸಾಲಿನ ಕೆಳಗೆ ಓದಿದವರೂ ಸಾಕ್ಷಿಯಾಗಿ ಸಹಿ ಹಾಕಲಿ.

ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರ ಪರವಾಗಿ ತಂದೆತಾಯಿ ತಮ್ಮ ಹೆಸರಲ್ಲೇ ಕರಾರು ಮಾಡಿಕೊಳ್ಳುವುದು ಸಲೀಸು. ತಂದೆತಾಯಿ ಇಲ್ಲದಿದ್ದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಯಿಂದ ನೇಮಕವಾದ ಪೋಷಕರು ಸಹಿ ಮಾಡಬಹುದು. ಮನೆ ಹುಡುಕುವ ತಿಂಗಳಲ್ಲಿ ಈ ಅರ್ಜಿ ಹಾಕಿದರೆ ತಡವಾಗುತ್ತದೆ, ಮೊದಲೇ ಮಾಡಿಸಿಟ್ಟಿರಬೇಕು.

ಎರಡುಗಾಲಿ
ಬಾತ್‌ರೂಮಿಗೆ ಮತ್ತೆ ಬರುತ್ತೇನೆ. ಕಡಿಮೆ ಬಾಡಿಗೆಯ ಮನೆಗಳಲ್ಲಿ ಇರುವುದು ಇಂಡಿಯನ್ ಕಕ್ಕಸು. ಅದರ ಮೇಲೆ ಇಡುವ ಕಮೋಡ್ ಸ್ಟೂಲ್ ಸಿಗುತ್ತದೆ, ಆದರೆ ಹೆಚ್ಚಿನ ಕಡೆ ಬೇಸಿನ್ನು ನಾಲ್ಕಾರು ಇಂಚು ಎತ್ತರದ ಕಟ್ಟೆಯ ಮೇಲಿರುತ್ತದೆ. ಸ್ಟೂಲಿನ ನಾಲ್ಕೂ ಕಾಲು ಆ ಕಟ್ಟೆಯ ಮೇಲೇ ಕೂರಬೇಕು, ಎರಡು ಮೇಲೆ ಎರಡು ಕೆಳಗೆ ಆದರೆ ಬಿದ್ದೇ ಬೀಳುತ್ತಾರೆ. ಕಟ್ಟೆಯ ಉದ್ದಗಲ ಅಳೆದು ಆಮೇಲೆ ಸ್ಟೂಲ್ ಕೊಳ್ಳಿ. ಸ್ಟೂಲಿನ ಎತ್ತರ ಕುರ್ಚಿಯ ಸೀಟಿನ ಎತ್ತರಕ್ಕೆ ಸಮ ಇದ್ದರೆ ಜಾರಿಕೊಂಡು ಕೂರಬಹುದು, ಕಟ್ಟೆಯ ಎತ್ತರವನ್ನೂ ಅದರಲ್ಲಿ ಸೇರಿಸಿ.

ಹಿಡಿಕೆಗೆ 32ರಿಂದ 40 ಎಂಎಂ ಪೈಪು, ಗೋಡೆಗೂ ಅದಕ್ಕೂ ನಡುವೆ 50 ಎಂಎಂ. ಸ್ಟೀಲ್ ಹಿಡಿಕೆ ಎಷ್ಟೇ ಗಟ್ಟಿ ಇರಲಿ, ಕಳಚುವುದು ಗೋಡೆಯಿಂದ. ಹಾಲೋ ಬ್ಲಾಕ್ ಗೋಡೆಯಲ್ಲಿ ಮಾಮೂಲಿ ಆ್ಯಂಕರ್ ಬೋಲ್ಟ್ ಹಿಡಿಯುವುದಿಲ್ಲ, ಒಳಗೆ ಟೊಳ್ಳು. ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಆಚೆ ಬದಿಗೆ ಪ್ಲೇಟ್ ಕೊಟ್ಟು ತೂರುಬೋಲ್ಟ್ ಹಾಕಿಸಬೇಕು, ಇಲ್ಲವೇ ಗೋಡೆ ಬಿಟ್ಟು ನೆಲಕ್ಕೆ ಕೂರುವ ಚೌಕಟ್ಟು ತರಬೇಕು. ಟೈಲ್ಸಿಗೆ ಅಂಟುವ ರಬ್ಬರ್ ಬಟ್ಟಲಿನ ಹಿಡಿಕೆಗೆ ಮೈಭಾರ ಹಾಕಲೇಬಾರದು. ಅದನ್ನು ಮಾರುವಾಗ ಯಾರೂ ಈ ಮಾತು ಹೇಳುವುದಿಲ್ಲ.

ಆರ್‌ಆರ್_ನಂಬರ್
ವಿದ್ಯುತ್ ಬಗ್ಗೆ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಆದರೆ ನಿಮ್ಮ ಮನೆಗೆ ಸ್ವಂತ ಆರ್‌ಆರ್ ನಂಬರ್ (ಮೀಟರಿನ ಗ್ರಾಹಕ ಸಂಖ್ಯೆ) ಇರಬೇಕು. ವಠಾರಗಳಲ್ಲಿ ಓನರ್ ಒಂದೇ ಮೀಟರ್ ಇಟ್ಟು, ಒಳಗೆ ಸಬ್ ಮೀಟರ್ ಹಾಕಿ ಯೂನಿಟ್ಟಿಗೆ ಇಷ್ಟು ಎಂದು ವಸೂಲಿ ಮಾಡುತ್ತಾರೆ. ಅಲ್ಲಿ ನಿಮಗೆ ಗೃಹಜ್ಯೋತಿ ಸಿಗುವುದಿಲ್ಲ. 300 ರೂಪಾಯಿ ಕಮ್ಮಿ ಬಾಡಿಗೆ ಎಂದು ಅಂಥ ಮನೆ ಹಿಡಿದರೆ ಆ ಉಳಿತಾಯ ಬಿಲ್ಲಿನಲ್ಲೇ ಹೋಗುತ್ತದೆ.

ಹೊಸದಾಗಿ ಬಂದ ಬಾಡಿಗೆದಾರರಿಗೆ ಹಳೆಯ ಬಳಕೆಯ ಲೆಕ್ಕ ಇಲ್ಲದಿದ್ದರೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10 ಸೇರಿ 58 ಎಂದು ಯೋಜನೆಯ ಆರಂಭದಲ್ಲಿ ಗೊತ್ತುಮಾಡಿದ್ದರು. ನಿಮ್ಮ ಅರ್ಹತೆಯ ಯೂನಿಟ್ ಮೀರಿದರೆ ಹೆಚ್ಚುವರಿಗೆ ದುಡ್ಡು, 200 ಮೀರಿದರೆ ಪೂರ್ತಿ ಬಿಲ್. ಈಗ ಉಪಕರಣಗಳ ಲೆಕ್ಕ ಹಾಕಿ. ಬ್ಯಾಟರಿ ವೀಲ್‌ಚೇರಿನಲ್ಲಿ 12 ವೋಲ್ಟ್ 35 ಎಎಚ್‌ನ ಎರಡು ಬ್ಯಾಟರಿ ಇದ್ದರೆ ಒಂದು ಪೂರ್ತಿ ಚಾರ್ಜಿಗೆ ಒಂದು ಯೂನಿಟ್, ದಿನವೂ ಚಾರ್ಜ್ ಮಾಡಿದರೆ ತಿಂಗಳಿಗೆ ಸುಮಾರು 30. ಬೆಡ್‌ಸೋರ್ ತಡೆಯುವ ಗಾಳಿಹಾಸಿಗೆಯ ಪಂಪು ದಿನವಿಡೀ ಓಡಿದರೂ ತಿಂಗಳಿಗೆ ಏಳೆಂಟು ಯೂನಿಟ್ ಅಷ್ಟೇ. 350 ವ್ಯಾಟಿನ ಆಮ್ಲಜನಕ ಕಾನ್ಸಂಟ್ರೇಟರ್ 24 ಗಂಟೆ ಓಡಿದರೆ ದಿನಕ್ಕೆ 8.4, ತಿಂಗಳಿಗೆ 252 ಯೂನಿಟ್. ಅದೊಂದರಿಂದಲೇ 200 ದಾಟಿತು. ಅಂಥ ಮನೆಯವರು ಬಜೆಟ್ಟಿನಲ್ಲಿ ಪೂರ್ತಿ ಬಿಲ್ ಇಟ್ಟುಕೊಂಡೇ ಬಾಡಿಗೆ ನಿರ್ಧರಿಸಬೇಕು.

ಹಾಗೇ ಸಂಪಿನ ಮೋಟರ್ ಸ್ವಿಚ್ ಎಲ್ಲಿದೆ ನೋಡಿ. ಮೆಟ್ಟಿಲ ಕೆಳಗೆ, ಇಲ್ಲವೇ ಮಹಡಿಯ ಬಾಗಿಲ ಹತ್ತಿರ ಹಾಕಿರುತ್ತಾರೆ. ಎಂಸಿಬಿ ಪೆಟ್ಟಿಗೆ ಆರು ಅಡಿ ಮೇಲಿರುತ್ತದೆ, ಟ್ರಿಪ್ ಆದರೆ ಕೂತಲ್ಲಿಂದ ಕೈ ಸಿಗದು. ಒಂದು ಕೋಲು ಇಟ್ಟುಕೊಳ್ಳಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ, ಪಕ್ಕದ ಮನೆಯವರೊಂದಿಗೆ ಮೊದಲೇ ಮಾತಾಡಿಡಿ.

ಹೊಸಬಾಳು_92
ಬಾಡಿಗೆಯೇ ಬೇಡ, ನಾಲ್ಕು ಲಕ್ಷ ಕೊಟ್ಟು ಲೀಸಿಗೆ ಹಾಕಿಕೊಂಡರೆ ತಿಂಗಳ ತಲೆನೋವು ಇರಲ್ಲ ಅಂತಾರಲ್ಲ? ಊರಿನ ಜಮೀನು ಮಾರಿದ ದುಡ್ಡು ಇಟ್ಟುಕೊಂಡು ಕೇಳುವವರು ಬಹಳ ಜನ.

ಕರಾರುಪತ್ರ
ಲೀಸಿನಲ್ಲಿ ತಿಂಗಳ ಬಾಡಿಗೆ ಇಲ್ಲ ನಿಜ. ಆದರೆ ಇಡೀ ಗಂಟು ಓನರ್ ಕೈಯಲ್ಲಿ. ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಕಂತು ನಿಂತರೆ ಬ್ಯಾಂಕ್ ಮನೆಯನ್ನು ವಶಕ್ಕೆ ಪಡೆಯುತ್ತದೆ, ಆಗ ಲೀಸುದಾರ ಓನರಿನ ಬೆನ್ನು ಹತ್ತಬೇಕು. ನಡುವೆ ಏಜೆನ್ಸಿ ನಿಂತು ಹಣ ಪಡೆದು, ಓನರಿಗೆ ಬಾಡಿಗೆ ಎಂದು ಕೊಟ್ಟು ನಿಮಗೆ ಲೀಸ್ ಎಂದು ಬರೆದುಕೊಡುವ ಮೋಸ ಬೆಂಗಳೂರಿನಲ್ಲಿ ಹಲವು ಸಲ ನಡೆದಿದೆ. ಹಾಗಾಗಿ ಹಣ ಮನೆಯ ಖಾತೆಯಲ್ಲಿ (ಆಸ್ತಿ ದಾಖಲೆಯಲ್ಲಿ) ಹೆಸರಿರುವ ಓನರಿನ ಬ್ಯಾಂಕ್ ಖಾತೆಗೇ ಹೋಗಬೇಕು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ ನೋಡಬೇಕು, ಒಂದು ವರ್ಷ ಮೀರಿದ ಲೀಸು ನೋಂದಣಿ ಆಗಲೇಬೇಕು. ಇಷ್ಟಕ್ಕೆ ಒಪ್ಪದ ಓನರನ್ನು ಅಲ್ಲೇ ಬಿಟ್ಟುಬಿಡಿ. ದುಡಿದು ಮತ್ತೆ ಗಂಟು ಕಟ್ಟಲು ಆಗದವರ ಹಣ ಅದು, ಒಂದು ಸಲ ಹೋದರೆ ಬದುಕೇ ಬೀದಿಗೆ ಬರುತ್ತದೆ.

ಆರ್‌ಆರ್_ನಂಬರ್
ಗೃಹಜ್ಯೋತಿಯಲ್ಲಿ ಇನ್ನೊಂದು ತೊಡಕು ಬಿಟ್ಟಿದ್ದೆ. ಹಳೆಯ ಬಾಡಿಗೆದಾರ ತನ್ನ ಆಧಾರನ್ನು ಆ ಆರ್‌ಆರ್ ನಂಬರಿನಿಂದ ಡಿ-ಲಿಂಕ್ ಮಾಡದೆ ಹೋಗಿದ್ದರೆ ನಿಮ್ಮ ಅರ್ಜಿ ಸೇರುವುದಿಲ್ಲ. ಅಡ್ವಾನ್ಸ್ ಕೊಡುವ ದಿನವೇ ಓನರಿಗೆ ಹೇಳಿ ಆ ಹಳೆಯ ಬಾಡಿಗೆದಾರನಿಂದ ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ, ಒಟಿಪಿ ಅವನ ಫೋನಿಗೇ ಬರುತ್ತದೆ. ನೀವೂ ನಿಮ್ಮ ಹಳೆಯ ಮನೆಯದನ್ನು ಡಿ-ಲಿಂಕ್ ಮಾಡಿದ ಮೇಲೆಯೇ ಹೊಸದಕ್ಕೆ ಅರ್ಜಿ ಹಾಕಬೇಕು. ಮೀಟರ್ ರೀಡಿಂಗಿನ ಫೋಟೋವನ್ನು ಒಳಗೆ ಬರುವ ದಿನ ತೆಗೆದಿಡಿ, ಹಿಂದಿನವರ ಬಾಕಿ ಇದ್ದರೆ ಓನರ್ ಕಟ್ಟಿದ ರಸೀದಿ ನೋಡಿದ ಮೇಲೆ ಸಾಮಾನು ಇಳಿಸಿ.